ಮರುನುಡಿಯ ಧರ್ಮ
ಮಹಾಪುರಾಣದ ಕನ್ನಡ ರೂಪಗಳನ್ನು ಕುರಿತು ಒಂದು ವಿಚಾರ

ಒಬ್ಬರು ನುಡಿದುದನ್ನು ಮತ್ತೊಬ್ಬರು ಬೇರೆ ಮಾತುಗಳಲ್ಲಿ ನುಡಿಯುವುದು ಗುಣವೇ ದೋಷವೇ ಎಂಬ ಪ್ರಶ್ನೆಯನ್ನು ಜೈನರಾದ ನಾವು ಎಚ್ಚರಿಕೆಯಿಂದ ಎತ್ತಬೇಕಾಗಿದೆ. ಏಕೆಂದರೆ ನಮ್ಮ ಶ್ರುತವೆಲ್ಲವೂ ಮರುನುಡಿಯ ಮೂಲಕವೇ ನಮಗೆ ಬಂದಿದೆ. ತೀರ್ಥಂಕರರ ದಿವ್ಯಧ್ವನಿಯು ಸಮವಸರಣದಲ್ಲಿ ನೆರೆದ ಪ್ರತಿಯೊಂದು ಜೀವಿಗೂ ಅದರದರ ಭಾಷೆಯಲ್ಲಿ ತಿಳಿಯುತ್ತಿತ್ತೆಂದು ನಮ್ಮ ಪರಂಪರೆ ಹೇಳುತ್ತದೆ. ಆ ಧ್ವನಿಯ ಅರ್ಥವನ್ನು ಗಣಧರರು ಅಂಗ-ಪೂರ್ವಗಳಾಗಿ ಹೆಣೆದರು. ಆದುದರಿಂದಲೇ ಆಚಾರ್ಯರು ತೀರ್ಥಂಕರರನ್ನು ಅರ್ಥಕರ್ತೃಗಳೆಂದೂ ಗಣಧರರನ್ನು ಗ್ರಂಥಕರ್ತೃಗಳೆಂದೂ ಬೇರೆಬೇರೆಯಾಗಿ ಕರೆದರು. ಅರ್ಥ ಒಬ್ಬರದು, ಅದನ್ನು ಧರಿಸಿದ ಮಾತು ಮತ್ತೊಬ್ಬರದು. ಇದನ್ನು ಒಪ್ಪಿದ ಮೇಲೆ ಮಾತು ಬದಲಾದುದೇ ಅಪಚಾರವೆಂದು ಹೇಳಲು ನಮಗೆ ಅಧಿಕಾರವಿಲ್ಲ.

ಹಾಗೆಂದು ಯಾರು ಹೇಗೆ ಬೇಕಾದರೂ ಬದಲಾಯಿಸಬಹುದೆಂಬ ಅರ್ಥವೂ ಇದಕ್ಕಿಲ್ಲ. ಇಂದು ದಶಲಕ್ಷಣ ಪರ್ವದಲ್ಲಿಯೂ ಪಂಚಕಲ್ಯಾಣ ಮಹೋತ್ಸವಗಳಲ್ಲಿಯೂ ‘ಸಾರ’, ‘ಸಂಗ್ರಹ’, ‘ಸರಳ ಕಥೆ’ ಎಂಬ ಹೆಸರಿನ ಕಿರುಹೊತ್ತಿಗೆಗಳು ಹೇರಳವಾಗಿ ಹಂಚಲ್ಪಡುತ್ತಿವೆ. ಶಾಸ್ತ್ರದಾನವು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಹಳಗನ್ನಡವನ್ನಾಗಲಿ ಸಂಸ್ಕೃತ-ಪ್ರಾಕೃತಗಳನ್ನಾಗಲಿ ಓದಲಾರದ ನಮ್ಮ ಮಕ್ಕಳಿಗೆ ಇಂತಹ ಹೊತ್ತಿಗೆಗಳೇ ಧರ್ಮದ ಮೊದಲ ಬಾಗಿಲು. ಬಾಗಿಲು ಇಷ್ಟು ಮುಖ್ಯವಾದುದರಿಂದಲೇ ಅದನ್ನು ನಿಲ್ಲಿಸಿದ ಬಗೆಯನ್ನು ಪರೀಕ್ಷಿಸಬೇಕು. ಯಾವ ಹೊತ್ತಿಗೆಯ ಹೆಸರನ್ನೂ ಎತ್ತಿ ಖಂಡಿಸುವುದು ಈ ಲೇಖನದ ಉದ್ದೇಶವಲ್ಲ. ಮರುನುಡಿಯ ವಿಷಯದಲ್ಲಿ ನಮ್ಮ ಹಿರಿಯರು ಯಾವ ಕಟ್ಟಳೆಯನ್ನು ಪಾಲಿಸಿದರು, ನಾವು ಅದರಲ್ಲಿ ಯಾವುದನ್ನು ಕೈಬಿಟ್ಟಿದ್ದೇವೆ, ಅದರಿಂದ ನಮಗೆ ಆಗುತ್ತಿರುವ ಹಾನಿ ಏನು ಎಂಬುದಷ್ಟೇ ಇಲ್ಲಿಯ ವಿಚಾರ.

ಆಚಾರ್ಯರು ಕೊಟ್ಟ ಅಳತೆಗೋಲು

ತತ್ತ್ವಾರ್ಥಸೂತ್ರದಲ್ಲಿ ಸ್ವಾಧ್ಯಾಯವು ಐದು ಬಗೆಯೆಂದು ಹೇಳಿದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದಬೇಕು, ಸಂಶಯವನ್ನು ಕೇಳಿ ತಿಳಿಯಬೇಕು, ತಿಳಿದುದನ್ನು ಮನಸ್ಸಿನಲ್ಲಿ ಮಥಿಸಬೇಕು, ಪಾಠವನ್ನು ಅಕ್ಷರ ತಪ್ಪದೆ ಮತ್ತೆಮತ್ತೆ ಹೇಳಿ ಸ್ಥಿರಗೊಳಿಸಬೇಕು, ಅನಂತರ ಇತರರಿಗೆ ಹೇಳಬೇಕು. ಈ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಕ್ಷರ ತಪ್ಪದ ಆಮ್ನಾಯಕ್ಕೂ ಕೇಳುವವರ ಯೋಗ್ಯತೆಗೆ ತಕ್ಕಂತೆ ಮಾತನ್ನು ಮಾರ್ಪಡಿಸುವ ಧರ್ಮೋಪದೇಶಕ್ಕೂ ನಮ್ಮಲ್ಲಿ ಬೇರೆಬೇರೆ ಸ್ಥಾನವಿದೆ. ಎರಡೂ ಸ್ವಾಧ್ಯಾಯವೇ. ಆದರೆ ಮೊದಲ ನಾಲ್ಕನ್ನು ದಾಟಿದವನಿಗೆ ಐದನೆಯದು ಶೋಭಿಸುತ್ತದೆ.

ಜ್ಞಾನಾಚಾರದ ಎಂಟು ಅಂಗಗಳನ್ನು ಮೂಲಾಚಾರವು ಎಣಿಸುತ್ತದೆ: ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ, ವ್ಯಂಜನ, ಅರ್ಥ ಮತ್ತು ತದುಭಯ. ಕೊನೆಯ ಮೂರು ಅಂಗಗಳು ಶಬ್ದದ ಶುದ್ಧಿ, ಅರ್ಥದ ಶುದ್ಧಿ, ಎರಡರ ಶುದ್ಧಿ. ಇವುಗಳ ಮಾತನ್ನು ನಾವು ಆಗಾಗ ಕೇಳುತ್ತೇವೆ. ಆದರೆ ಅನಿಹ್ನವವನ್ನು ನೆನೆಯುವವರು ವಿರಳ. ನಿಹ್ನವವೆಂದರೆ ಅಡಗಿಸುವಿಕೆ, ಯಾವ ಗುರುವಿನಿಂದ, ಯಾವ ಗ್ರಂಥದಿಂದ ತಿಳಿದುಕೊಂಡೆವೋ ಅದನ್ನು ಮರೆಮಾಚುವುದು. ಅದನ್ನು ಮಾಡದಿರುವುದೇ ಅನಿಹ್ನವ. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಸೂತ್ರಕಾರರು ಈ ನಿಹ್ನವವನ್ನೂ ಸೇರಿಸಿದ್ದಾರೆ. ಮೂಲವನ್ನು ಹೇಳದೆ ಬರೆಯುವುದು ಲೋಕದ ದೃಷ್ಟಿಯಲ್ಲಿ ಒಂದು ಅಸೌಜನ್ಯವಿರಬಹುದು. ನಮ್ಮ ಶಾಸ್ತ್ರದ ದೃಷ್ಟಿಯಲ್ಲಿ ಅದು ಬರೆದವನ ಜ್ಞಾನಕ್ಕೇ ಕವಿಯುವ ಪರದೆ.

ಈ ನಿಯಮವು ವ್ಯಾಪಾರಿಯಾದವನಿಗೆ ಹೊಸದಲ್ಲ. ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆಯುತ್ತೇವೆ. ಅನಂತರ ಅದನ್ನು ಖಾತೆಗೆ ಎತ್ತುತ್ತೇವೆ. ಕಿರ್ದಿಯಲ್ಲಿ ಮೂರು ಸಾಲಾಗಿದ್ದ ವಿವರಣೆ ಖಾತೆಯಲ್ಲಿ ಎರಡು ಮಾತಾಗುತ್ತದೆ. ಶೀರ್ಷಿಕೆ ಬೇರೆಯಾಗುತ್ತದೆ, ಸ್ಥಳ ಬೇರೆಯಾಗುತ್ತದೆ. ಆದರೆ ಮೊಬಲಗು ಬದಲಾಗುವುದಿಲ್ಲ, ತಾರೀಖು ಬದಲಾಗುವುದಿಲ್ಲ, ಜಮೆ ಖರ್ಚಾಗುವುದಿಲ್ಲ. ಮಿಗಿಲಾಗಿ, ಪ್ರತಿ ಕಲಮಿನ ಪಕ್ಕದಲ್ಲಿ ಕಿರ್ದಿಯ ಪುಟದ ಸಂಖ್ಯೆಯನ್ನು ಹಾಕುತ್ತೇವೆ. ಆ ಸಂಖ್ಯೆ ಇಲ್ಲದ ಖಾತೆಯನ್ನು ಯಾವ ಲೆಕ್ಕ ತಪಾಸಣೆಗಾರನೂ ಒಪ್ಪುವುದಿಲ್ಲ. ಮಾತು ಬದಲಾಗಬಹುದು, ಮೊಬಲಗು ಬದಲಾಗಬಾರದು, ಪುಟಸಂಖ್ಯೆ ತಪ್ಪಬಾರದು. ವ್ಯಂಜನ, ಅರ್ಥ, ಅನಿಹ್ನವಗಳೆಂಬ ಮೂರು ಅಂಗಗಳನ್ನು ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಇಷ್ಟೇ.

ಬಂಕಾಪುರದಲ್ಲಿ ಪೂಜೆಗೊಂಡ ಪುರಾಣ

ಈ ಅಳತೆಗೋಲನ್ನು ಹಿಡಿದು ನೋಡಲು ಮಹಾಪುರಾಣಕ್ಕಿಂತ ತಕ್ಕ ಗ್ರಂಥ ಮತ್ತೊಂದಿಲ್ಲ. ಅದನ್ನು ನೋಡಲು ನಮ್ಮ ನಾಡಿಗಿಂತ ತಕ್ಕ ಸ್ಥಳವೂ ಇಲ್ಲ. ಕದರಮಂಡಲಗಿಯಿಂದ ಹೊರಟು ಹಾವೇರಿಯನ್ನು ದಾಟಿ ಮುಂದೆ ಹೋದರೆ ಬಂಕಾಪುರ ಸಿಗುತ್ತದೆ. ರಾಷ್ಟ್ರಕೂಟರ ಸಾಮಂತನಾದ ಬಂಕೆಯನ ಹೆಸರನ್ನು ಹೊತ್ತ ಈ ಊರಿನಲ್ಲಿ, ಅವನ ಮಗ ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರ ಸುಮಾರಿಗೆ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿಯು ತಿಳಿಸುತ್ತದೆ. ಆ ಪ್ರಶಸ್ತಿಯನ್ನು ಬರೆದವರು ಗುಣಭದ್ರರ ಶಿಷ್ಯರಾದ ಲೋಕಸೇನರು.

ಮಹಾಪುರಾಣದ ಪೂರ್ವಭಾಗವಾದ ಆದಿಪುರಾಣವನ್ನು ಆರಂಭಿಸಿದವರು ಅಮೋಘವರ್ಷ ನೃಪತುಂಗನ ಗುರುಗಳೆಂದು ಪ್ರಸಿದ್ಧರಾದ ಜಿನಸೇನಾಚಾರ್ಯರು. ಅವರೂ ಕಥೆಯನ್ನು ತಾವೇ ಕಲ್ಪಿಸಿದವರಲ್ಲ. ತಮಗಿಂತ ಮೊದಲು ಪುರಾಣಾರ್ಥವನ್ನು ಸಂಗ್ರಹಿಸಿದ ಕವಿಪರಮೇಶ್ವರರನ್ನು ಗೌರವದಿಂದ ಸ್ಮರಿಸಿಯೇ ಮುಂದುವರಿದರು. ನಲವತ್ತೆರಡು ಪರ್ವಗಳೂ ನಲವತ್ತಮೂರನೆಯದರ ಮೂರು ಶ್ಲೋಕಗಳೂ ಆಗುವಷ್ಟರಲ್ಲಿ ಅವರು ಮುಗಿದುಹೋದರು. ಉಳಿದುದನ್ನು ಶಿಷ್ಯರಾದ ಗುಣಭದ್ರರು ಪೂರ್ಣಗೊಳಿಸಿದರು. ಎಲ್ಲಿಗೆ ಗುರುವಿನ ನುಡಿ ನಿಂತಿತು, ಎಲ್ಲಿಂದ ಶಿಷ್ಯನ ನುಡಿ ಆರಂಭವಾಯಿತು ಎಂಬುದು ಸಾವಿರದ ನೂರು ವರ್ಷಗಳ ಮೇಲೂ ನಮಗೆ ಶ್ಲೋಕದ ಲೆಕ್ಕದಲ್ಲಿ ತಿಳಿದಿದೆ. ಗುರುವಿನ ಕೀರ್ತಿಯಲ್ಲಿ ಶಿಷ್ಯನು ಅಡಗಿಕೊಳ್ಳಲಿಲ್ಲ. ತನ್ನ ಬರಹವನ್ನು ಗುರುವಿನ ಹೆಸರಿನಲ್ಲಿ ಸಾಗಿಸಲೂ ಇಲ್ಲ. ಅನಿಹ್ನವದ ಆದರ್ಶವಿದು.

ಈ ಪುರಾಣ ಕನ್ನಡಕ್ಕೆ ಬಂದ ಬಗೆಗಳನ್ನು ನೋಡೋಣ. ಕ್ರಿ.ಶ. 941ರಲ್ಲಿ ಪಂಪನು ಆದಿಪುರಾಣವನ್ನು ಹದಿನಾರು ಆಶ್ವಾಸಗಳ ಚಂಪುವಾಗಿ ಬರೆದನು. ಜಿನಸೇನರಲ್ಲಿ ಸಂಕ್ಷಿಪ್ತವಾಗಿರುವ ನೀಲಾಂಜನೆಯ ನೃತ್ಯ ಪಂಪನಲ್ಲಿ ಕಾವ್ಯದ ಶಿಖರವಾಯಿತು. ಭವಾವಳಿಯ ಎಷ್ಟೋ ವಿವರಗಳು ಕಿರಿದಾದವು. ಹಿಗ್ಗಿದ್ದೂ ಉಂಟು, ಕುಗ್ಗಿದ್ದೂ ಉಂಟು. ಆದರೆ ಮೊಬಲಗು ಕೆಡಲಿಲ್ಲ. ನರ್ತಕಿಯ ಆಯುಷ್ಯ ಮುಗಿದ ಕ್ಷಣದಲ್ಲಿ ಆದಿದೇವನಿಗೆ ಹುಟ್ಟುವ ವೈರಾಗ್ಯವೇ ಮೂಲದಲ್ಲಿಯೂ ಆ ಪ್ರಸಂಗದ ಅರ್ಥ, ಪಂಪನಲ್ಲಿಯೂ ಅದೇ ಅರ್ಥ. ನೃತ್ಯವನ್ನು ಎಷ್ಟು ಮನೋಹರವಾಗಿ ವರ್ಣಿಸಿದನೋ ಅದರ ನಶ್ವರತೆಯೂ ಅಷ್ಟೇ ಗಾಢವಾಗಿ ಓದುಗನಿಗೆ ತಟ್ಟುತ್ತದೆ.

ಇದೇ ಪಂಪನು ವಿಕ್ರಮಾರ್ಜುನವಿಜಯದಲ್ಲಿ ಎಷ್ಟು ಸ್ವಾತಂತ್ರ್ಯ ವಹಿಸಿದನೆಂಬುದು ಎಲ್ಲರಿಗೂ ತಿಳಿದಿದೆ. ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿ ಮಾಡಿದನು. ಆದರೆ ಅಲ್ಲಿ ಬೆಳಗಿದ್ದು ಲೌಕಿಕವನ್ನು, ಇಲ್ಲಿ ಬೆಳಗಿದ್ದು ಜಿನಾಗಮವನ್ನು ಎಂದು ಎರಡನ್ನೂ ಅವನೇ ಬೇರ್ಪಡಿಸಿ ಹೇಳಿದ್ದಾನೆ. ಎರಡು ಖಾತೆಗಳನ್ನು ಎರಡಾಗಿಯೇ ಇಟ್ಟನು. ಲೌಕಿಕದಲ್ಲಿ ತೆಗೆದುಕೊಂಡ ಸಲುಗೆಯನ್ನು ಆಗಮಕ್ಕೆ ತರಲಿಲ್ಲ. ಸಂದರ್ಭವನ್ನರಿತ ಮರುನುಡಿಗೆ ಇದಕ್ಕಿಂತ ಮೇಲಾದ ನಿದರ್ಶನವಿರಲಾರದು.

ಮುಂದೆ ಕ್ರಿ.ಶ. 978ರಲ್ಲಿ ಚಾವುಂಡರಾಯನು ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ರಚಿಸಿದನು. ಬಂಕಾಪುರದ ಅಜಿತಸೇನ ಭಟ್ಟಾರಕರ ಶಿಷ್ಯನಾದ ಈ ಗಂಗಮಂತ್ರಿಯು ಕವಿಯಶಸ್ಸನ್ನು ಬಯಸಿ ಹೊರಟವನಲ್ಲ. ಅರವತ್ತಮೂರು ಶಲಾಕಾಪುರುಷರ ಚರಿತ್ರೆ ಕನ್ನಡ ಬಲ್ಲ ಭವ್ಯರಿಗೆ ಒಂದೆಡೆ ದೊರೆಯಬೇಕೆಂಬುದು ಅವನ ಉದ್ದೇಶ. ಆದುದರಿಂದ ವರ್ಣನೆಗಳನ್ನು ಕಳೆದು ಕಥೆ, ಭವ, ಕಲ್ಯಾಣಗಳನ್ನು ಉಳಿಸಿಕೊಂಡನು. ಇಂದಿನ ‘ಸಾರ’ ಪುಸ್ತಕಗಳ ನಿಜವಾದ ಪೂರ್ವಜನೆಂದರೆ ಇವನೇ. ಆದರೆ ಇವನು ಆರಂಭದಲ್ಲಿಯೇ ಈ ಪುರಾಣವನ್ನು ಹಿಂದೆ ಹೇಳಿಕೊಂಡು ಬಂದ ಕೂಚಿಭಟ್ಟಾರಕ, ನಂದಿಮುನಿ, ಕವಿಪರಮೇಶ್ವರ, ಜಿನಸೇನ, ಗುಣಭದ್ರರ ಪರಂಪರೆಯನ್ನು ಹೆಸರಿಸಿಯೇ ಕಥೆಗೆ ಕೈಹಾಕುತ್ತಾನೆ. ಸರಕು ಯಾರ ಮನೆಯದೆಂಬುದನ್ನು ಮೊದಲು ಹೇಳಿ ಚೀಲವನ್ನು ಬಿಚ್ಚುವ ಪ್ರಾಮಾಣಿಕತೆ ಇದು. ಇದೇ ಚಾವುಂಡರಾಯನೇ ಬಾಹುಬಲಿಯ ಕಥೆಯನ್ನು ಶ್ರವಣಬೆಳಗೊಳದ ಬಂಡೆಯಲ್ಲಿಯೂ ಮೂಡಿಸಿದನು.

ಭಾಷೆಯ ವಿಷಯದಲ್ಲಿಯೂ ನಮ್ಮ ಕವಿಗಳಿಗೆ ಈ ಎಚ್ಚರವಿತ್ತು. ಕ್ರಿ.ಶ. 1112ರ ಸುಮಾರಿಗೆ ಮುಳುಗುಂದದ ನಯಸೇನನು ಧರ್ಮಾಮೃತವನ್ನು ಬರೆದಾಗ, ಸಂಸ್ಕೃತವನ್ನು ಹೇರದೆ ಜನರಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂದು ವಾದಿಸಿದನು. ಓದುಗನ ನುಡಿಗೆ ಇಳಿದು ಬರುವುದು ಧರ್ಮವನ್ನು ಇಳಿಸುವುದಲ್ಲವೆಂಬುದನ್ನು ಈ ನಾಡಿನ ಜೈನರು ಒಂಬೈನೂರು ವರ್ಷಗಳ ಹಿಂದೆಯೇ ನಿರ್ಣಯಿಸಿದ್ದರು.

ಭರತ-ಬಾಹುಬಲಿ ಪ್ರಸಂಗವೆಂಬ ಒರೆಗಲ್ಲು

ಮರುನುಡಿಗಳನ್ನು ಒರೆಗೆ ಹಚ್ಚಲು ಭರತ-ಬಾಹುಬಲಿಗಳ ಪ್ರಸಂಗವನ್ನು ತೆಗೆದುಕೊಳ್ಳೋಣ. ಜಿನಸೇನರಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆಯುತ್ತವೆ. ಮೂರರಲ್ಲಿಯೂ ಭರತನು ಸೋಲುತ್ತಾನೆ. ಸೋತವನು ಕೋಪಕ್ಕೆ ವಶನಾಗಿ ತಮ್ಮನ ಮೇಲೆ ಚಕ್ರವನ್ನು ಬಿಡುತ್ತಾನೆ. ಚಕ್ರವು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಲ್ಲುತ್ತದೆ. ಅಣ್ಣನನ್ನು ಈ ಸ್ಥಿತಿಗೆ ತಂದ ರಾಜ್ಯಲಕ್ಷ್ಮಿಯ ಬಗೆಗೆ ಹೇಸಿ ಬಾಹುಬಲಿಯು ತಪಸ್ಸಿಗೆ ಹೋಗುತ್ತಾನೆ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಕೇವಲಜ್ಞಾನ ಉದಿಸುವುದಿಲ್ಲ. ಭರತನು ತನ್ನಿಂದ ನೊಂದನಲ್ಲಾ ಎಂಬ ಸ್ನೇಹದ ಎಳೆಯೊಂದು ಹೃದಯದಲ್ಲಿ ಉಳಿದಿತ್ತು. ಭರತನು ಬಂದು ಪೂಜಿಸಿದಾಗ ಆ ಎಳೆಯೂ ಕಡಿದು ಕೇವಲಜ್ಞಾನವಾಯಿತು. ಇದು ಜಿನಸೇನರ ಅಭಿಪ್ರಾಯ.

ಶ್ವೇತಾಂಬರ ಪರಂಪರೆಯಲ್ಲಿ, ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಹೇಳುವ ಬಗೆ ಬೇರೆ. ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ಸಹೋದರರಿಗೆ ನಮಸ್ಕರಿಸಬೇಕಾಗುವುದೆಂಬ ಮಾನಕಷಾಯ ಅಲ್ಲಿ ಅಡ್ಡಿಯಾಗಿದೆ. ಸೋದರಿಯರಾದ ಬ್ರಾಹ್ಮಿ-ಸುಂದರಿಯರು ಬಂದು ಅಹಂಕಾರವೆಂಬ ಆನೆಯಿಂದ ಇಳಿಯೆಂದು ಎಚ್ಚರಿಸುತ್ತಾರೆ. ನಮ್ಮ ಕಡೆಯ ಪ್ರವಚನಗಳಲ್ಲಿ ಮೂರನೆಯದೊಂದು ಮಾತು ಬಹಳ ಪ್ರಚಲಿತವಾಗಿದೆ: ತಾನು ಭರತನ ನೆಲದಲ್ಲಿ ನಿಂತಿದ್ದೇನೆಂಬ ಶಲ್ಯ ಬಾಹುಬಲಿಯನ್ನು ಕಾಡುತ್ತಿತ್ತು ಎಂಬುದು.

ಈ ಮೂರನ್ನೂ ಒಂದೇ ಎಂದು ಎಣಿಸುವವರಿದ್ದಾರೆ. ವಿಚಾರಿಸಿದರೆ ಮೂರೂ ಮೂರು ಬೇರೆಯ ನೀತಿಗಳು. ಒಂದರಲ್ಲಿ ಅಡ್ಡಿಯಾದುದು ಅನ್ಯನ ನೋವಿಗಾಗಿ ಮರುಗುವ ಪ್ರೀತಿ; ಇನ್ನೊಂದರಲ್ಲಿ ತಲೆಬಾಗಲಾರದ ಮಾನ; ಮತ್ತೊಂದರಲ್ಲಿ ಅಣ್ಣನ ಹಂಗನ್ನು ಸಹಿಸದ ಅಭಿಮಾನ. ರಾಗವೂ ಬಂಧನವೇ, ಅದು ಎಷ್ಟು ಪರಿಶುದ್ಧವಾಗಿದ್ದರೂ ಮೋಕ್ಷಕ್ಕೆ ತಡೆಯೇ ಎಂಬ ಸೂಕ್ಷ್ಮವನ್ನು ಜಿನಸೇನರ ಮಾತು ಕಲಿಸುತ್ತದೆ. ಮಾನಕಷಾಯದ ಪಾಠವೂ ಬೇಕಾದುದೇ. ಆದರೆ ಅದು ಬೇರೆ ಪಾಠ. ‘ಮನಸ್ಸಿನಲ್ಲಿ ಸ್ವಲ್ಪ ಕೊರಗು ಉಳಿದಿತ್ತು’ ಎಂದು ಮೂರನ್ನೂ ಸೇರಿಸಿ ಸರಳಗೊಳಿಸಿದಾಗ ಓದುಗನಿಗೆ ಮೂರರಲ್ಲಿ ಒಂದೂ ದಕ್ಕುವುದಿಲ್ಲ.

ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿಯು ಭರತೇಶ ವೈಭವದಲ್ಲಿ ಈ ಪ್ರಸಂಗವನ್ನೇ ಬದಲಾಯಿಸಿದನು. ಅವನಲ್ಲಿ ಅಣ್ಣತಮ್ಮಂದಿರ ಕಾಳಗ ನಡೆಯುವುದೇ ಇಲ್ಲ. ಭರತನು ಮೃದುವಾದ ಮಾತಿನಿಂದಲೇ ತಮ್ಮನನ್ನು ಗೆಲ್ಲುತ್ತಾನೆ. ಬಾಹುಬಲಿಯು ತನ್ನ ಹಟಕ್ಕಾಗಿ ಪಶ್ಚಾತ್ತಾಪಪಟ್ಟು ವಿರಕ್ತನಾಗುತ್ತಾನೆ. ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ಈ ಕಾವ್ಯದ ನಾಯಕನು ಭೋಗದ ನಡುವೆಯೇ ಯೋಗಿಯಾಗಿರುವ ಗೃಹಸ್ಥ. ಅಂತಹವನ ಕೈಯಿಂದ ತಮ್ಮನ ಮೇಲೆ ಚಕ್ರ ಬಿಡಿಸಲು ಕವಿಗೆ ಮನಸ್ಸಾಗಲಿಲ್ಲ. ಈ ಕಾವ್ಯದ ಕೆಲವು ಪದ್ಯಗಳು ಶಾಸ್ತ್ರವಿರುದ್ಧವೆಂದು ಆಕ್ಷೇಪ ಬಂದು, ಕವಿಯು ಮುನಿದು ಮತವನ್ನೇ ತೊರೆದಿದ್ದನೆಂಬ ಐತಿಹ್ಯವೂ ಇದೆ.

ಅದೇ ಶತಮಾನದಲ್ಲಿ, ಅದೇ ಸಾಂಗತ್ಯದಲ್ಲಿ, ನಮ್ಮ ಬ್ಯಾಡಗಿ ಸೀಮೆಯ ಕಾಗಿನೆಲೆಯ ಕನಕದಾಸರೂ ಮೋಹನತರಂಗಿಣಿಯನ್ನು ಬರೆದರು. ಅದನ್ನು ಕದರಮಂಡಲಗಿಯ ಕಾಂತೇಶನ ಸನ್ನಿಧಿಯಲ್ಲಿ ರಚಿಸಿದರೆಂಬುದು ಇಲ್ಲಿಯ ಪ್ರತೀತಿ. ಅದರಲ್ಲಿ ಶ್ರೀಕೃಷ್ಣನ ದ್ವಾರಕೆ ವಿಜಯನಗರದ ವೈಭವವನ್ನು ಧರಿಸಿ ನಿಂತಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಳೆಯ ಕಥೆಯನ್ನು ತಮ್ಮ ಕಾಲದ ಕಣ್ಣಿನಿಂದ ಕಾಣುವುದು ಅಂದಿನ ಕವಿಗಳಿಗೆ ಮತಭೇದವಿಲ್ಲದೆ ಸಹಜವಾಗಿತ್ತು. ರತ್ನಾಕರನನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅವನ ಮೇಲೆ ನಿಹ್ನವದ ದೋಷ ಹೊರಿಸಲಾಗದು. ಅವನು ಭರತೇಶನ ವೈಭವವನ್ನು ಹಾಡಲು ಹೊರಟನು, ಹಾಡಿದನು. ಆದರೆ ಅರ್ಥಶುದ್ಧಿಯ ದೃಷ್ಟಿಯಿಂದ ಒಂದು ನಷ್ಟವಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಷಟ್ಖಂಡವನ್ನು ಗೆದ್ದವನೂ ಕ್ರೋಧವನ್ನು ಗೆಲ್ಲದೆ ಒಡಹುಟ್ಟಿದವನ ಮೇಲೆ ಆಯುಧವೆತ್ತಿದನು, ಆದರೂ ಮುಂದೆ ಮುಕ್ತನಾದನು ಎಂಬ ಮೂಲದ ಭರವಸೆ ತಪ್ಪುಮಾಡುವ ಸಾಮಾನ್ಯ ಶ್ರಾವಕನಿಗೆ ಬಹಳ ದೊಡ್ಡದು. ಕಳಂಕವಿಲ್ಲದ ಭರತನಲ್ಲಿ ಆ ಭರವಸೆ ಸಿಗುವುದಿಲ್ಲ.

ನಿಜವಾದ ತೊಡಕು ಇರುವುದು ಇಂದಿನ ಸಂಗ್ರಹಗಳಲ್ಲಿ. ರತ್ನಾಕರನ ಸೌಮ್ಯ ಭರತನನ್ನೂ ಜಿನಸೇನರ ತಪೋನಿರತ ಬಾಹುಬಲಿಯನ್ನೂ ಒಂದೇ ಪುಟದಲ್ಲಿ ನಿಲ್ಲಿಸಿ, ಕೊನೆಗೆ ಬ್ರಾಹ್ಮಿ-ಸುಂದರಿಯರನ್ನು ಕರೆತಂದು, ‘ಪುರಾಣದಲ್ಲಿ ಹೀಗೆ ಹೇಳಿದೆ’ ಎಂದು ಮುಗಿಸುವುದುಂಟು. ಯಾವ ಪುರಾಣದಲ್ಲಿ? ಈ ಕಲಬೆರಕೆ ಕಥೆಯಲ್ಲಿ ಕಾರಣ-ಕಾರ್ಯಗಳ ಸಂಬಂಧವೇ ಕಡಿದುಹೋಗಿರುತ್ತದೆ. ಅಣ್ಣನು ಪ್ರೀತಿಯಿಂದ ಬಿಟ್ಟುಕೊಟ್ಟನೆಂದ ಮೇಲೆ ರಾಜ್ಯಲಕ್ಷ್ಮಿಯ ಮೇಲೆ ಜುಗುಪ್ಸೆ ಏಕೆ ಹುಟ್ಟಬೇಕು? ಚಕ್ರವನ್ನು ತೆಗೆದುಹಾಕಿ ವೈರಾಗ್ಯವನ್ನು ಮಾತ್ರ ಉಳಿಸಿಕೊಂಡರೆ ಮಗುವು ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ. ಕಠಿಣವಾದುದನ್ನು ಬಿಟ್ಟು ಮಧುರವಾದುದನ್ನು ಕೊಡುವುದು ಕರುಣೆಯೆಂದು ಕೆಲವರು ತಿಳಿದಿದ್ದಾರೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ಬೆಳೆದವನು ಡಬ್ಬಿ, ಕಡ್ಡಿ ಎಂದು ಹೇಳಬಹುದು; ಕೊಳ್ಳುವವನು ಬಣ್ಣದ ಲೆಕ್ಕದಲ್ಲಿ ಹೇಳಬಹುದು; ರಸ ತೆಗೆಯುವ ಕಾರ್ಖಾನೆಯವನು ತನ್ನ ಪರಿಭಾಷೆಯಲ್ಲಿ ಹೇಳಬಹುದು. ಹೆಸರು ಮೂರಾದರೂ ಕಾಯಿ ಒಂದೇ. ಆದರೆ ಬೇರೆ ಕಡೆಯ ಕಾಯಿಯನ್ನು ಬೆರೆಸಿ ಬ್ಯಾಡಗಿಯದೆಂದು ಮಾರಿದರೆ ಅದು ಅಚೌರ್ಯಾಣುವ್ರತಕ್ಕೆ ಹೇಳಿದ ಪ್ರತಿರೂಪಕ ವ್ಯವಹಾರವೆಂಬ ಅತಿಚಾರ. ಗ್ರಂಥಗಳಿಗೂ ಇದೇ ನ್ಯಾಯ ಸಲ್ಲಬೇಕು.

ಆದಿಪುರಾಣದಲ್ಲಿಯೇ ಇದಕ್ಕೊಂದು ಎಚ್ಚರಿಕೆಯ ದೃಶ್ಯವಿದೆ. ದಿಗ್ವಿಜಯ ಮುಗಿಸಿದ ಭರತನು ವೃಷಭಾಚಲದ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋಗುತ್ತಾನೆ. ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಪರ್ವತವೆಲ್ಲ ತುಂಬಿಹೋಗಿದೆ. ಅವನ ಗರ್ವ ಮುರಿಯುತ್ತದೆ. ಆದರೂ ಒಬ್ಬರ ಬರಹವನ್ನು ಅಳಿಸಿ ಅಲ್ಲಿ ತನ್ನದನ್ನು ಬರೆಯಿಸುತ್ತಾನೆ. ಆ ಅಳಿಸಿದ ಹೆಸರು ಯಾರದೆಂಬುದು ಯಾರಿಗೂ ತಿಳಿಯದು. ಮೂಲವನ್ನು ಹೇಳದೆ ಬರೆಯುವ ಪ್ರತಿಯೊಂದು ಸಂಗ್ರಹವೂ ಆ ಬೆಟ್ಟದ ಮೇಲಿನ ಒಂದು ಹೆಸರನ್ನು ಒರಸುತ್ತಿರುತ್ತದೆ.

ಹೇಳಿದ ಋಣವೂ ಮರೆತುಹೋದ ಬಗೆ

ಮೂಲವನ್ನು ಹೇಳಿದರೂ ಮುಂದಿನವರು ಲಕ್ಷ್ಯ ಕೊಡದಿದ್ದರೆ ಏನಾಗುವುದೆಂಬುದಕ್ಕೆ ಗೊಮ್ಮಟಸಾರದ ವ್ಯಾಖ್ಯಾನವೇ ಸಾಕ್ಷಿ. ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ಸಂಗ್ರಹಿಸಿದ ಆ ಗ್ರಂಥಕ್ಕೆ ಕ್ರಿ.ಶ. 1359ರಲ್ಲಿ ಕೇಶವವರ್ಣಿಯು ಕನ್ನಡದಲ್ಲಿ ವಿಸ್ತಾರವಾದ ವೃತ್ತಿಯನ್ನು ಬರೆದನು. ಅನಂತರ ಬೇರೊಬ್ಬ ನೇಮಿಚಂದ್ರರು ಅದನ್ನು ಸಂಸ್ಕೃತಕ್ಕೆ ತಂದರು. ಕರ್ಣಾಟಕ ವೃತ್ತಿಯನ್ನು ಆಶ್ರಯಿಸಿಯೇ ಬರೆದೆನೆಂದು ಅವರು ಹೇಳಿಕೊಂಡಿದ್ದಾರೆ. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಸಂಸ್ಕೃತ ಟೀಕೆಯನ್ನು ಅನುಸರಿಸಿ ತಮ್ಮ ದೇಶಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕೆಯನ್ನು ರಚಿಸಿದರು. ಹೀಗೆ ಕನ್ನಡದ ಶ್ರಮವು ರಾಜಸ್ಥಾನದ ಮನೆಮನೆಯ ಸ್ವಾಧ್ಯಾಯಕ್ಕೆ ಒದಗಿತು.

ಆದರೆ ನಡುವೆ ಏನಾಯಿತು? ಸಂಸ್ಕೃತ ಟೀಕೆಯೇ ಕೇಶವವರ್ಣಿಯದೆಂಬ ತಿಳಿವಳಿಕೆ ಹಬ್ಬಿತು. ಕನ್ನಡದಲ್ಲಿ ಒಂದು ವೃತ್ತಿ ಇದೆಯೆಂಬುದೇ ಬಹುಕಾಲ ಮರೆಯಾಯಿತು. ಬೆಳಗಾವಿ ಜಿಲ್ಲೆಯ ಸದಲಗೆಯಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಗ್ರಂಥಗಳನ್ನು ತಾಳೆ ನೋಡಿ, ಕೇಶವವರ್ಣಿಯದು ಕನ್ನಡ ವೃತ್ತಿಯೆಂದೂ ಸಂಸ್ಕೃತದ್ದು ಅದರ ಅನುಸರಣೆಯೆಂದೂ ಸ್ಥಾಪಿಸಿದರು. ಸಂಸ್ಕೃತ ಟೀಕಾಕಾರರು ಪುಟಸಂಖ್ಯೆಯನ್ನು ಬರೆದಿದ್ದರು. ಓದಿದವರು ಅದನ್ನು ನೋಡಲಿಲ್ಲ. ಆದರೂ ಆ ಒಂದು ಉಲ್ಲೇಖ ಉಳಿದಿದ್ದುದರಿಂದಲೇ ಶತಮಾನಗಳ ಮೇಲೂ ಲೆಕ್ಕ ಸರಿಹೋಯಿತು. ಅವರೂ ಮೌನವಾಗಿದ್ದರೆ ಕೇಶವವರ್ಣಿಯ ನ್ಯಾಸವು ಕನ್ನಡಿಗರಿಗೆ ಮರಳಿ ಸಿಗುತ್ತಿತ್ತೇ ಎಂಬುದು ಸಂದೇಹ.

ಷರತ್ತು ಬಿದ್ದುಹೋದರೆ

ಇವೆಲ್ಲ ಪಂಡಿತರ ಚರ್ಚೆಯ ವಿಷಯಗಳು, ಸಾಮಾನ್ಯ ಶ್ರಾವಕನಿಗೆ ಇದರಿಂದೇನು ಎಂದು ಕೇಳುವವರು ಸಲ್ಲೇಖನೆಯ ಸಂಗತಿಯನ್ನು ನೆನೆಯಬೇಕು. ಇದೇ ಬಂಕಾಪುರದಲ್ಲಿ ಕ್ರಿ.ಶ. 974ರ ಸುಮಾರಿಗೆ ಗಂಗರಾಜನಾದ ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನೆಯಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಸಾರುತ್ತದೆ. ಅಂತಹ ವ್ರತವನ್ನು 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಆತ್ಮಹತ್ಯೆಯೆಂದು ಪರಿಗಣಿಸಿ, ಅಂದಿನ ದಂಡಸಂಹಿತೆಯ 306 ಮತ್ತು 309ನೆಯ ಕಲಮುಗಳಡಿ ತರುವಂತೆ ಆಜ್ಞೆ ಮಾಡಿತು. ಅದು ಧರ್ಮದ ಅವಶ್ಯಕ ಆಚರಣೆಯೆಂಬುದು ಸಿದ್ಧವಾಗಿಲ್ಲವೆಂದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ದೇಶದಾದ್ಯಂತ ಜೈನ ಸಮಾಜ ಮೌನ ಮೆರವಣಿಗೆಗಳನ್ನು ನಡೆಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಗೆ ತಡೆ ನೀಡಿತು.

ನ್ಯಾಯಾಲಯದ ತೀರ್ಪನ್ನು ವಿಮರ್ಶಿಸುವ ಮೊದಲು ನಾವು ಈ ವ್ರತವನ್ನು ಲೋಕಕ್ಕೆ ಯಾವ ಮಾತುಗಳಲ್ಲಿ ಹೇಳಿಕೊಂಡು ಬಂದಿದ್ದೇವೆಂದು ನೋಡಿಕೊಳ್ಳಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಸಂದರ್ಭಗಳನ್ನು ನಿರ್ದಿಷ್ಟಪಡಿಸಿದ್ದಾರೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ, ಅವೂ ಪ್ರತೀಕಾರವಿಲ್ಲದವು ಆಗಿರಬೇಕು, ಉದ್ದೇಶವು ಧರ್ಮರಕ್ಷಣೆಯಾಗಿರಬೇಕು. ಕಾಯದೊಡನೆ ಕಷಾಯವೂ ಕೃಶವಾಗಬೇಕು. ಅಲ್ಲದೆ, ಬೇಗ ಸಾಯಬೇಕೆಂಬ ಬಯಕೆಯೇ, ಅಂದರೆ ಮರಣಾಶಂಸೆಯೇ, ಈ ವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಸೂತ್ರದಲ್ಲಿ ಹೇಳಿದೆ. ಸಾವನ್ನು ಬಯಸುವುದನ್ನೇ ದೋಷವೆಂದು ಹೇಳುವ ವ್ರತವನ್ನು ಆತ್ಮಹತ್ಯೆಯೆನ್ನಲು ಹೇಗೆ ಸಾಧ್ಯ?

ಆದರೆ ನಮ್ಮ ಕಿರುಹೊತ್ತಿಗೆಗಳಲ್ಲಿ, ಶ್ರದ್ಧಾಂಜಲಿ ಪತ್ರಿಕೆಗಳಲ್ಲಿ, ‘ಉಪವಾಸದಿಂದ ಪ್ರಾಣತ್ಯಾಗ’ ಎಂಬ ಎರಡೇ ಮಾತು ಕಾಣುತ್ತದೆ. ‘ಪ್ರತೀಕಾರವಿಲ್ಲದ’ ಎಂಬ ಷರತ್ತು ಬಿದ್ದುಹೋಗಿದೆ, ‘ಕಷಾಯ’ ಬಿದ್ದುಹೋಗಿದೆ, ಮರಣಾಶಂಸೆಯ ನಿಷೇಧ ಬಿದ್ದುಹೋಗಿದೆ. ಉಳಿದದ್ದು ಉಪವಾಸ ಮತ್ತು ಸಾವು. ಈ ಎರಡನ್ನೇ ಓದಿದ ಹೊರಗಿನವನು ಅದನ್ನು ತನ್ನ ಭಾಷೆಯಲ್ಲಿ ಮತ್ತೊಮ್ಮೆ ಹೇಳಿದಾಗ ಅದು ಆತ್ಮಹತ್ಯೆಯಾಗದೆ ಮತ್ತೇನಾದೀತು? ಕರಾರುಪತ್ರದಿಂದ ಷರತ್ತನ್ನು ಬಿಟ್ಟು ನಕಲು ಮಾಡಿದರೆ ಅದು ಸಂಕ್ಷೇಪವಲ್ಲ, ಬೇರೊಂದು ಕರಾರು. ಮಾತನ್ನು ಚಿಕ್ಕದು ಮಾಡುವವನು ಯಾವುದನ್ನು ಬಿಟ್ಟರೂ ಷರತ್ತನ್ನು ಬಿಡಬಾರದು. ಬಿಟ್ಟರೆ ಆ ಹಾನಿ ಬರೆದವನಿಗಲ್ಲ, ಮುಂದೊಂದು ದಿನ ನಿಜವಾದ ಶ್ರದ್ಧೆಯಿಂದ ವ್ರತ ಹಿಡಿಯುವ ವೃದ್ಧೆಗೆ, ಅವಳ ಸೇವೆಯಲ್ಲಿ ನಿಂತ ಮಕ್ಕಳಿಗೆ ತಟ್ಟುತ್ತದೆ.

ಪಾಲಿಸಬೇಕಾದ ಕಟ್ಟಳೆ

ಈಗ ಯಂತ್ರಗಳೂ ಕ್ಷಣಮಾತ್ರದಲ್ಲಿ ಒಂದು ಬರಹವನ್ನು ಹತ್ತು ಬಗೆಯ ಮಾತುಗಳಲ್ಲಿ ತಿರುಗಿಸಿ ಕೊಡುತ್ತವೆ. ಅದರಿಂದ ಕೆಲಸ ಹಗುರವಾಗಬಹುದು, ಹೊಣೆ ಹಗುರವಾಗದು. ಯಂತ್ರಕ್ಕೆ ಅಣುವ್ರತವಿಲ್ಲ, ಆಸ್ರವವೂ ಇಲ್ಲ. ಅದು ಬಿಟ್ಟ ಷರತ್ತಿಗೂ ಬೆರೆಸಿದ ಸಂಗತಿಗೂ ಮುದ್ರಿಸಿ ಹಂಚಿದವನೇ ಉತ್ತರವಾದಿ.

ಆದುದರಿಂದ ಶಾಸ್ತ್ರದಾನ ಮಾಡುವ ದಾನಿಗಳಲ್ಲಿಯೂ ಬರೆಯುವ ವಿದ್ವಾಂಸರಲ್ಲಿಯೂ ನನ್ನ ಬಿನ್ನಹವಿಷ್ಟು. ಮೊದಲನೆಯದಾಗಿ, ಯಾವ ಗ್ರಂಥದ ಯಾವ ಪರ್ವದಿಂದ ಅಥವಾ ಆಶ್ವಾಸದಿಂದ ಕಥೆಯನ್ನು ಎತ್ತಿಕೊಂಡಿದೆಯೆಂಬುದನ್ನು ಆರಂಭದಲ್ಲಿಯೇ ತಿಳಿಸಬೇಕು. ಎರಡನೆಯದಾಗಿ, ಎರಡು ಗ್ರಂಥಗಳಿಂದ ಸೇರಿಸಿದ್ದರೆ ಸೇರಿಸಿದ ಜಾಗವನ್ನು ತೋರಿಸಬೇಕು. ಬಿಟ್ಟಿದ್ದರೆ ಬಿಟ್ಟದ್ದನ್ನು ಒಂದು ಸಾಲಿನಲ್ಲಾದರೂ ಹೇಳಬೇಕು. ಮೂರನೆಯದಾಗಿ, ವ್ರತ-ನಿಯಮಗಳನ್ನು ಸರಳಗೊಳಿಸುವಾಗ ಅವುಗಳ ಷರತ್ತುಗಳನ್ನೂ ಅತಿಚಾರಗಳನ್ನೂ ಕೈಬಿಡಬಾರದು. ನಾಲ್ಕನೆಯದಾಗಿ, ಸಲ್ಲೇಖನೆ, ಕಷಾಯ, ನಿರ್ಜರೆಯಂತಹ ಪಾರಿಭಾಷಿಕ ಪದಗಳನ್ನು ಅಳಿಸಿ ಬೇರೆ ಪದ ಇಡುವ ಬದಲು ಆ ಪದವನ್ನು ಉಳಿಸಿಕೊಂಡು ಪಕ್ಕದಲ್ಲಿ ಅರ್ಥವನ್ನು ಕೊಡಬೇಕು. ಇದರಿಂದ ಹೊತ್ತಿಗೆಯು ಒಂದೆರಡು ಪುಟ ದೊಡ್ಡದಾಗಬಹುದು. ಮುದ್ರಣದ ವೆಚ್ಚ ಸ್ವಲ್ಪ ಏರಬಹುದು. ಆ ವೆಚ್ಚವನ್ನು ಶಾಸ್ತ್ರದಾನದ ಲೆಕ್ಕಕ್ಕೇ ಬರೆದುಕೊಳ್ಳಬಹುದು.

ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಒಬ್ಬನು ನಂಬಿ ಇಟ್ಟುಹೋದ ಒಡವೆಯ ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ, ಅವನು ಕೇಳಿದಷ್ಟನ್ನೇ ಕೊಟ್ಟು ಸುಮ್ಮನಾಗುವುದನ್ನು ಆಚಾರ್ಯರು ನ್ಯಾಸಾಪಹಾರವೆಂದು ವಿವರಿಸುತ್ತಾರೆ. ನಮ್ಮ ಮಕ್ಕಳು ತಮಗೆ ಬರಬೇಕಾದ ಒಡವೆ ಎಷ್ಟೆಂಬುದನ್ನು ಅರಿಯದೆ ಇಂದು ಸ್ವಲ್ಪವನ್ನೇ ಕೇಳುತ್ತಿದ್ದಾರೆ. ಜಿನಸೇನ, ಗುಣಭದ್ರ, ಪಂಪ, ಚಾವುಂಡರಾಯರು ಇಟ್ಟುಹೋದುದು ಎಷ್ಟೆಂಬುದು ನಮಗೆ ತಿಳಿದಿದೆ. ಅವರು ಕೇಳಿದಷ್ಟನ್ನು ಅವರ ನುಡಿಯಲ್ಲಿ ಕೊಡೋಣ. ಉಳಿದುದು ಯಾವ ಗ್ರಂಥದಲ್ಲಿ, ಎಲ್ಲಿ ಇದೆಯೆಂಬುದನ್ನೂ ತಪ್ಪದೆ ಹೇಳೋಣ.